ಪದಚರ್ಚೆ: ‘ಬ್ಲ್ಯಾಕ್ ಕಾಮಿಡಿ’ಗೆ ‘ಪೀಕಲಾಟ’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ,

ಕುಂದನ್ ಶಾ ಅವರ ಹಿಂದಿ ಸಿನಿಮಾ ‘ಜಾನೇ ಭೀ ದೋ ಯಾರೋ’ (1983) ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಸಾವು, ಮೋಸದಂಥ ಕಹಿ ವಿಷಯಗಳಲ್ಲೇ ನಗು ಹುಟ್ಟಿಸುವ ಇಂಥ ‘ಬ್ಲ್ಯಾಕ್ ಕಾಮಿಡಿ’ ಸಿನಿಮಾವನ್ನು ಕನ್ನಡದಲ್ಲಿ ಏನೆಂದು ಕರೆಯೋಣ ಅನ್ನುವಲ್ಲಿ ಬರಹ ನಿಂತುಬಿಟ್ಟಿದೆ.

‘ಕಪ್ಪು ಹಾಸ್ಯ’ ಬರೀ ಪದಕ್ಕೆ ಪದ ಇಟ್ಟ ಹಾಗಿದೆ. ‘ಕರಾಳ ಹಾಸ್ಯ’ ಅಂದರೆ ಕರಾಳ ದಿನ, ಕರಾಳ ಶಾಸನ ಎಲ್ಲ ನೆನಪಾಗಿ ನಗುವೇ ಹೆದರಿ ಓಡುತ್ತದೆ. ‘ಪ್ರಹಸನ’ ನನಗೆ ತುಂಬಾ ಇಷ್ಟದ ಪದ. ಆದರೆ ‘ರಾಜೀನಾಮೆ ಪ್ರಹಸನ’ ಅಂತ ಸುದ್ದಿಗಳಲ್ಲಿ ಬಳಸಿ ಬಳಸಿ ಅದಕ್ಕೆ ಈಗ ಬೇರೆಯೇ ಬಣ್ಣ ಬಂದಿದೆ. ‘ವಿಡಂಬನೆ’ ಸಿನಿಮಾದ ಒಂದು ಮುಖವನ್ನಷ್ಟೇ ಹೇಳುತ್ತದೆ.

ಈ ಸಿನಿಮಾದಲ್ಲಿ ನಗಿಸಬೇಕು ಅಂತ ಯಾರೂ ಹೊರಡುವುದಿಲ್ಲ. ನಾಸಿರುದ್ದೀನ್ ಶಾ, ರವಿ ಬಾಸ್ವಾನಿ ಮಾಡಿರುವ ಇಬ್ಬರು ಫೋಟೋಗ್ರಾಫರ್‌ಗಳಿಗೆ ತಮ್ಮ ಸ್ಟುಡಿಯೋ ನಡೆದರೆ ಸಾಕು. ಮುಂಬಯಿಯ ಪಾರ್ಕೊಂದರಲ್ಲಿ ತೆಗೆದ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಅದರಲ್ಲೊಂದು ಕೊಲೆ! ಅಲ್ಲಿಂದ ಬಿಲ್ಡರು, ಪತ್ರಿಕೆಯ ಸಂಪಾದಕಿ, ಅಧಿಕಾರಿ ಎಲ್ಲರೂ ಒಂದೇ ಹೆಣದ ಹಿಂದೆ ಬೀಳುತ್ತಾರೆ. ಕುಡಿದ ಅಮಲಿನಲ್ಲಿರುವ ಓಂ ಪುರಿ ಶವಪೆಟ್ಟಿಗೆಯನ್ನು ಕೆಟ್ಟು ನಿಂತ ಕಾರು ಅಂದುಕೊಂಡು, ಒಳಗಿರುವ ಹೆಣದ ಜೊತೆ ಮರ್ಯಾದೆಯಿಂದ ಮಾತಾಡಿ, ತನ್ನ ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಾನೆ. ಪಾಪ, ಅವನಿಗದು ನಿಜವಾದ ಉಪಕಾರ.

ಕೊನೆಗೆ ಆ ಹೆಣ ಮಹಾಭಾರತ ನಾಟಕದ ರಂಗದ ಮೇಲೆ ದ್ರೌಪದಿಯಾಗಿ ನಿಲ್ಲುತ್ತದೆ. ಸೀರೆ ಸೆಳೆದರೆ ಗುಟ್ಟು ರಟ್ಟು. ಹಾಗಾಗಿ ವಸ್ತ್ರಾಪಹರಣವೇ ಬೇಡ ಅಂತ ಹಟ. ಕುರುಡ ಧೃತರಾಷ್ಟ್ರ ಮಾತ್ರ ಇಲ್ಲಿ ಏನಾಗ್ತಿದೆ ಅಂತ ಕೇಳುತ್ತಲೇ ಇರುತ್ತಾನೆ. ಅವನು ಕೇಳಿದಷ್ಟೂ ನಮಗೆ ನಗು ಜಾಸ್ತಿ. ಎಲ್ಲರಿಗೂ ಅವರವರ ಕೆಲಸವೇ ಜೀವನ್ಮರಣದ ಪ್ರಶ್ನೆ. ನನ್ನ ಪ್ರಕಾರ ಸಿನಿಮಾದ ಸೊಗಸು ಇರುವುದೇ ಇಲ್ಲಿ.

ಇದನ್ನು ಹೇಳುವುದಕ್ಕೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ‘ಎಡವಟ್ಟು’ ಅಂದರೆ ಒಬ್ಬನ ಕೈಯಿಂದ ಆದದ್ದು. ‘ಅವಾಂತರ’ ಅದರಿಂದ ಹುಟ್ಟಿದ ಗೊಂದಲ. ‘ಫಜೀತಿ’ಯಲ್ಲಿ ಮಾನ ಹೋಗುವ ಸಂಕೋಚವಿದೆ. ‘ಪೀಕಲಾಟ’ ಅಂದರೆ ಬಿಡುವ ಹಾಗೂ ಇಲ್ಲ, ಹಿಡಿಯುವ ಹಾಗೂ ಇಲ್ಲ. ಸಿಕ್ಕಿಹಾಕಿಕೊಂಡವನಿಗೆ ಸಂಕಟ, ನೋಡುವವರಿಗೆ ನಗು. ಎರಡೂ ಒಂದೇ ಪದದಲ್ಲಿ ಬರುತ್ತವೆ ಅಲ್ವಾ? ‘ಪೀಕಲಾಟದ ಸಿನಿಮಾ’ ಅಂದರೆ ಓದುಗರಿಗೆ ಥಟ್ಟನೆ ಹೊಳೆಯುತ್ತದೆ ಅಂತ ನನ್ನ ನಂಬಿಕೆ.

ಆದರೆ ಒಂದು ಅನುಮಾನ. ಈ ಸಿನಿಮಾ ಸುಖವಾಗಿ ಮುಗಿಯುವುದಿಲ್ಲ. ಕಥೆಯಲ್ಲಿ ಒಂದು ಸೇತುವೆಯೂ ಕುಸಿಯುತ್ತದೆ; ಆ ತಪ್ಪನ್ನು ಫೋಟೋಗ್ರಾಫರ್ ಹುಡುಗರಿಬ್ಬರ ತಲೆಗೇ ಕಟ್ಟಿ ಜೈಲಿಗೆ ಕಳಿಸುತ್ತಾರೆ. ತಪ್ಪಿತಸ್ಥರೆಲ್ಲ ಪಾರು. ಈ ಕಹಿಯನ್ನು ‘ಪೀಕಲಾಟ’ ಹೊರುತ್ತದೆಯೇ? ಅಥವಾ ಮನೆಮಟ್ಟದ ಸಣ್ಣ ತೊಂದರೆಗಷ್ಟೇ ನಿಮ್ಮ ಕಡೆ ಈ ಪದ ಬಳಸುತ್ತಾರೆಯೇ?

ಇನ್ನೊಂದು ವಿಷಯ. ಎಲ್ಲ ನಟರಿಗೂ ಸಮಪಾಲು ಇರುವ ಚಿತ್ರಕ್ಕೆ ‘ಬಹುತಾರಾಗಣ’ ಅಂದರೆ ದೊಡ್ಡ ಸ್ಟಾರುಗಳ ಸಾಲು ಅನಿಸುತ್ತದೆ. ಯಕ್ಷಗಾನದ ತಂಡಕ್ಕೆ ಮೇಳ ಅನ್ನುವ ಹಾಗೆ ‘ಮೇಳದ ಚಿತ್ರ’ ಅಂದರೆ ಹೇಗೆ? ಯಕ್ಷಗಾನ ಬಲ್ಲವರು ದಯವಿಟ್ಟು ಹೇಳಿ.