ಕಾಂಪೋಸ್ಟ್ ಆದ ಸಗಣೀನೇ ಹಸುಗೆ ಹಾಸ್ಬಹುದಾ? ಮಾಡಿ ನೋಡ್ದೋರು ಹೇಳಿ

ಕೇಳ್ದೋರು: 22 ಹಸು, ಕಟ್ಟಿ ಹಾಕಲ್ಲ. ತಿಪ್ಪೇಲಿ ಜಾಗ ಇಲ್ಲ, ರಬ್ಬರ್ ಮ್ಯಾಟ್ ಮೇಲೆ ಮಲಗಿ ಮಂಡಿ ಊತ ಬೇರೆ. ಸಗಣೀನ ಸ್ಕ್ರೂ ಪ್ರೆಸ್‌ನಲ್ಲಿ (ನೀರು, ಗಟ್ಟಿ ಭಾಗ ಬೇರೆ ಮಾಡೋ ಮೆಷಿನ್) ಹಿಂಡಿ, ಗಟ್ಟಿ ಭಾಗ ಕಾಂಪೋಸ್ಟ್ ಮಾಡಿ ಹಾಸೋಣ ಅಂತಿದೀನಿ. ಹೆಂಗೆ?

ಸುಟ್ಟ ಕೈ: ಬೇಡ ಅಣ್ಣಾ. ರಾಶಿ 60 ಡಿಗ್ರಿ ಕಾದಿತ್ತು, ಐದು ಸಲ ಮಗುಚಿದ್ದೆ, ಮೂಸಿದ್ರೆ ಮಣ್ಣಿನ ವಾಸನೆ ಅಷ್ಟೆ. ಖುಷಿಯಾಗಿ ಅರ್ಧ ಅಡಿ ಹಾಸಿ ಹತ್ತು ದಿನ ಮುಟ್ಟಲಿಲ್ಲ. ಆರು ವಾರದಲ್ಲಿ ಏಳು ಹಸುಗೆ ಕೆಚ್ಚಲು ಬಾವು, ಎರಡಕ್ಕೆ ಒಂದೊಂದು ಮೊಲೆ ಬತ್ತೇ ಹೋಯ್ತು, ಇಂಜೆಕ್ಷನ್ ಕೊಟ್ಟಷ್ಟು ದಿನ ಹಾಲೆಲ್ಲ ಮೋರಿಗೆ. ಬಿಸಿಗೆ ಕ್ರಿಮಿ ಸಾಯುತ್ತೆ ನಿಜ, ಆದ್ರೆ ಹಸಿ ಸಗಣಿ ಗಂಜಲ ಬಿದ್ದ ಒಂದೆರಡು ದಿನಕ್ಕೆ ಮತ್ತೆ ಹುಟ್ಕೊಳುತ್ತಲ್ಲ, ಇದನ್ನ ಪ್ರೆಸ್ ಮಾರೋನು ಹೇಳಲ್ಲ.

ನಾಲ್ಕನೇ ವರ್ಷ: ಹತ್ತು ದಿನ ಮುಟ್ಟದೇ ಇದ್ರೆ ಯಾವ ಹಾಸಿಗೆ ಉಳಿಯುತ್ತೆ ಸ್ವಾಮಿ? ನಾನು ಒಣ ಮರದ ಪುಡಿ ಒಂದಡಿ ಹಾಕಿ ಶುರು ಮಾಡ್ದೆ, ಹಸುಗೆ 100 ಚದರಡಿ ಜಾಗ, ಹಾಲು ಕರೆಯೋಕೆ ಹಸು ಹೊರಗೆ ಹೋದಾಗ ದಿನಕ್ಕೆ ಎರಡು ಸಲ ಕಲ್ಟಿವೇಟರ್ ಓಡಿಸ್ತೀನಿ, ಒಳಗೆ 50 ಡಿಗ್ರಿ ಹಬೆ ಆಡುತ್ತೆ. ಮೊದಲ ಮಳೆಗಾಲದಲ್ಲಿ ತೇವ 60 ಪರ್ಸೆಂಟ್ ದಾಟಿ ಕೆಸರಾಗಿ ಮೂರು ಲೋಡ್ ಪುಡಿ ಹೆಚ್ಚಿಗೆ ಸುರಿದೆ, ಟ್ರ್ಯಾಕ್ಟರ್ ಕ್ಲಚ್ ಎರಡು ಸಲ ಹೋಯ್ತು. ಆದ್ರೂ ಬಿಡಲ್ಲ.

ಸುಟ್ಟ ಕೈ: ಅವರು ಕೇಳಿದ್ದು ಹಿಂಡಿದ ಸಗಣಿ, ನೀವು ಹೇಳ್ತಿರೋದು ಮರದ ಪುಡಿ. ಓದಿ ಬರೀರಿ.

ಮರಳು ಪಕ್ಷ: ಮರಳು ಹಾಕಿ, ಕ್ರಿಮಿಗೆ ತಿನ್ನೋಕೇ ಏನೂ ಇರಲ್ಲ.

ನಾಲ್ಕನೇ ವರ್ಷ: ಹಾಕಿ, ಆಮೇಲೆ ಆ ಸಗಣಿ ಪ್ರೆಸ್‌ಗೆ ಬಿಟ್ಟು ಸ್ಕ್ರೂ ಸವೆಸ್ಕೊಳಿ, ಗುಂಡಿ ತಳದಲ್ಲಿ ಕೂತ ಮರಳು ತೆಗಿಯೋಕೆ ನೀವೇ ಬರ್ತೀರಾ?

ಪಾಠ ಕಲ್ತೋನು: ಜಾಗ ಉಳಿಯುತ್ತೆ ಅಂತ ನಾನೂ ಪ್ರೆಸ್ ತಂದೆ. ಗಟ್ಟಿ ಭಾಗ ಕಾಂಪೋಸ್ಟಾಗಿ ಅರ್ಧಕ್ಕರ್ಧ ಇಳೀತು, ಸರಿ, ನೀರು ಭಾಗ ಎಲ್ಲಿಗೆ ಹೋಗುತ್ತೆ? ಎಂಟು ತಿಂಗಳಿಗೇ ಇನ್ನೊಂದು ಟ್ಯಾಂಕ್ ಕಟ್ಟಿಸ್ದೆ. ಈಗ ತೆಳ್ಳಗೆ ಹಾಸಿ ದಿನಾ ಹಸು ಹಿಂಭಾಗಕ್ಕೆ ಬರೋ ಹಾಸಿಗೆ ಎಳೆದು ತೆಗೀತೀನಿ, ಮೇಲೆ ಸುಣ್ಣ, ಬಾವು ಕಮ್ಮಿ.

ಸುಟ್ಟ ಕೈ: ಸುಣ್ಣದ ಆಟ ಒಂದು ದಿನ ಅಷ್ಟೆ, ಮೊಲೆ ಚರ್ಮ ಬಿರಿಯೋದು ಲಾಭ.

ಪಾಠ ಕಲ್ತೋನು: ಅದಕ್ಕೇ ದಿನಾ ಅಂದಿದ್ದು. ಓದಿ ಬರೀರಿ ಅಂತ ಪಾಠ ಹೇಳಿದ್ದು ಯಾರು?

ಕೇಳ್ದೋರು: ಮಂಡಿ ಊತದ ಬಗ್ಗೆ ಯಾರಾದ್ರೂ?

ಮರಳು ಪಕ್ಷ: ಹೇಳಿದ್ನಲ್ಲ, ಮರಳು.