ಮುಕ್ತ ವ್ಯಾಪಾರ ಒಪ್ಪಂದಗಳಿಂದ ಸಣ್ಣ ರೈತರಿಗೆ ಆಗುವುದೇನು?

ಪ್ರಶ್ನೆ:
ದೇಶಗಳು ಪರಸ್ಪರ ಆಮದು ಸುಂಕ ಇಳಿಸಿಕೊಳ್ಳುವ ಇಂತಹ ಒಪ್ಪಂದಗಳಿಂದ ಬಡ ದೇಶಗಳ ರೈತರಿಗೆ ಹೊರಗಿನ ಮಾರುಕಟ್ಟೆ ತೆರೆದುಕೊಳ್ಳುತ್ತದೆ ಎಂದು ಓದಿದ್ದೇನೆ. ಆದರೂ ರೈತ ಸಂಘಟನೆಗಳು ಅವುಗಳನ್ನು ವಿರೋಧಿಸುತ್ತಲೇ ಬಂದಿವೆ. ಸಣ್ಣ ಹಿಡುವಳಿದಾರರಿಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ತಿಳಿದವರು ಉದಾಹರಣೆ ಸಹಿತ ವಿವರಿಸಬೇಕಾಗಿ ವಿನಂತಿ.

ಉತ್ತರ 1:
ಮೆಕ್ಸಿಕೋದ ಮೆಕ್ಕೆಜೋಳವನ್ನೇ ನೋಡಿ. ಅಮೆರಿಕ ಮತ್ತು ಕೆನಡಾಗಳೊಂದಿಗಿನ ನಾಫ್ಟಾ ಒಪ್ಪಂದ 1994ರ ಜನವರಿ 1ರಂದು ಜಾರಿಗೆ ಬಂದಾಗ, ವರ್ಷಕ್ಕೆ 25 ಲಕ್ಷ ಟನ್ ಅಮೆರಿಕದ ಮೆಕ್ಕೆಜೋಳ ಸುಂಕವಿಲ್ಲದೆ ಬರಬಹುದಿತ್ತು. ಅದನ್ನು ಮೀರಿದ್ದಕ್ಕೆ ಭಾರೀ ಸುಂಕವಿದ್ದು, ಅದು 2008ರ ಹೊತ್ತಿಗೆ ಹಂತಹಂತವಾಗಿ ಇಲ್ಲವಾಗಬೇಕಿತ್ತು. ಆದರೆ ಮಿತಿ ಮೀರಿ ಬಂದ ಧಾನ್ಯದ ಮೇಲೆ ಆ ಸುಂಕವನ್ನು ಮೆಕ್ಸಿಕೋ ಸರ್ಕಾರವೇ ಬಹುಪಾಲು ವಸೂಲಿ ಮಾಡಲಿಲ್ಲವಾದ್ದರಿಂದ, ಹೊಂದಿಕೊಳ್ಳಲೆಂದು ಕೊಟ್ಟಿದ್ದ ಕಾಲಾವಕಾಶ ರೈತರಿಗೆ ದಕ್ಕಲಿಲ್ಲ. ಮಿಲ್ಪಾ ಪದ್ಧತಿಯಲ್ಲಿ ಮೆಕ್ಕೆಜೋಳ, ಬೀನ್ಸ್, ಕುಂಬಳಗಳನ್ನು ಒಂದೇ ಹೊಲದಲ್ಲಿ ಬೆಳೆದು, ಮನೆಯ ಊಟಕ್ಕೆ ಎತ್ತಿಟ್ಟು ಮಿಕ್ಕ ಕೆಲವು ಮೂಟೆಗಳನ್ನಷ್ಟೇ ಮಾರುವ ಕುಟುಂಬಗಳು ಸಹಾಯಧನದ ಬಲವಿರುವ ಅಮೆರಿಕದ ಧಾನ್ಯದೊಡನೆ ಬೆಲೆಯಲ್ಲಿ ಸೆಣಸಬೇಕಾಯಿತು. ನನ್ನ ದೃಷ್ಟಿಯಲ್ಲಿ ಒಪ್ಪಂದದಷ್ಟೇ ಹೊಣೆ ಅದನ್ನು ಜಾರಿಗೊಳಿಸಿದ ಸರ್ಕಾರದ್ದು.

ಉತ್ತರ 2:
ಲಾಭವಾದವರೂ ಇದ್ದಾರೆ. ಅದೇ ಮೆಕ್ಸಿಕೋದಿಂದ ಟೊಮೆಟೊ ಮತ್ತು ಬೆಣ್ಣೆಹಣ್ಣಿನ ರಫ್ತು ಬಹಳ ಹೆಚ್ಚಿತು. ಆದರೆ ರಫ್ತಿಗೆ ನೀರಾವರಿ, ಶೀತಲ ಗೃಹ, ಕೀಟನಾಶಕದ ಉಳಿಕೆ ಪರೀಕ್ಷೆ ಎಲ್ಲವೂ ಬೇಕು. ಮಳೆಯನ್ನೇ ನಂಬಿದ ರೈತರಿಗೆ ಸುಂಕ ಸೊನ್ನೆಯಾದರೂ ಈ ಖರ್ಚು ಸೊನ್ನೆಯಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಧಾನ್ಯ ಅಗ್ಗವಾದರೆ ಬಡವರಿಗೆ ಅನುಕೂಲವೇ ಅಲ್ಲವೇ?

ಉತ್ತರ 3:
ಸ್ವಲ್ಪ ಕಾಲ ಅನುಕೂಲವೇ, ಏಕೆಂದರೆ ಸಣ್ಣ ರೈತರಲ್ಲಿ ಅನೇಕರು ವರ್ಷದ ಕೆಲವು ತಿಂಗಳು ಧಾನ್ಯವನ್ನು ಕೊಂಡೇ ಉಣ್ಣುತ್ತಾರೆ. ಹೈಟಿಯ ಅನುಭವವನ್ನು ಗಮನಿಸಿ. ಅದು ಮುಕ್ತ ವ್ಯಾಪಾರ ಒಪ್ಪಂದವಲ್ಲ, ಸಾಲ ಕೊಡುವವರ ಒತ್ತಡದಿಂದಾದ ಸುಂಕ ಕಡಿತ, ಆದರೆ ಪರಿಣಾಮ ಅದೇ ಜಾತಿಯದು. 1995ರಲ್ಲಿ ಅಕ್ಕಿಯ ಮೇಲಿನ ಸುಂಕ ಶೇ. 3ಕ್ಕೆ ಇಳಿಯಿತು. ಜನ ‘ಮಿಯಾಮಿ ಅಕ್ಕಿ’ ಎಂದು ಕರೆಯುವ ಅಮೆರಿಕದ ಅಕ್ಕಿಯೇ ದಿನದ ಊಟವಾಗಿ, ಆರ್ಟಿಬೊನೈಟ್ ಕಣಿವೆಯ ಭತ್ತದ ಬೆಳೆಗಾರರು ಅದರೊಡನೆ ಸ್ಪರ್ಧಿಸಲಾರದೆ ಹೋದರು. ಇದರಲ್ಲಿ ತಮ್ಮ ತಪ್ಪಿದೆ ಎಂದು ಸುಂಕ ಇಳಿದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅವರು 2010ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅದಕ್ಕೂ ಮೊದಲು, 2008ರಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಅಕ್ಕಿಯ ಬೆಲೆ ಏರಿದಾಗ ಹೈಟಿಯ ಜನ ಹಸಿವಿನಿಂದ ಬೀದಿಗಿಳಿದಿದ್ದರು. ಏಪ್ರಿಲ್‌ನಲ್ಲಿ ಅಲ್ಲಿನ ಪ್ರಧಾನಿ ಅಧಿಕಾರ ಕಳೆದುಕೊಂಡರು.