ಅಪ್‌ಡೇಟ್: ವೇಗದ ಕಾರಿನ ಮಾದರಿ, ಪ್ಯಾರಾಚೂಟ್ ಬಿಚ್ಚಿದರೆ ಗಿರಕಿ

ಹೋದ ತಿಂಗಳು ಕೇಳಿದ್ದೆ: ನನ್ನ ಮೀಟರ್ ಉದ್ದದ ರಿಮೋಟ್ ಕಾರು ಬದಿಯಡ್ಕದ ಹತ್ತಿರದ ಪದವಿನಲ್ಲಿ (ಗುಡ್ಡದ ಮೇಲಿನ ಬಯಲು) ವೇಗ ಹಿಡಿದರೆ ಬಾಲ ಅಲ್ಲಾಡಿಸುತ್ತದೆ, ಪ್ಯಾರಾಚೂಟ್ ಬಿಚ್ಚಿದೊಡನೆ ಮೂತಿ ಎತ್ತಿ ತಿರುಗಿಬಿಡುತ್ತದೆ, ಏನು ಮಾಡಲಿ ಎಂದು.

ನೀವು ಹೇಳಿದಂತೆ ರಟ್ಟಿನಲ್ಲಿ ಕಾರಿನ ಪಕ್ಕದ ಆಕಾರ ಕತ್ತರಿಸಿ, ಅದು ಸಮತೂಗುವ ಜಾಗ ಗುರುತಿಸಿದೆ. ಗಾಳಿಯ ಒತ್ತಡದ ಕೇಂದ್ರ, ಅಂದರೆ ಪಕ್ಕದಿಂದ ಗಾಳಿ ತಳ್ಳುವ ಬಲವೆಲ್ಲ ಸೇರಿ ಬೀಳುವ ಜಾಗ, ಹೆಚ್ಚುಕಡಿಮೆ ಅಲ್ಲೇ. ಆಮೇಲೆ ಕಾರನ್ನೇ ಕೋಲಿನ ಮೇಲಿಟ್ಟು ನೋಡಿದರೆ ಭಾರದ ಕೇಂದ್ರ ಅದಕ್ಕಿಂತ ನಾಲ್ಕು ಬೆರಳು ಹಿಂದಿತ್ತು! ಮುಂದಿರಬೇಕಾದದ್ದು ಹಿಂದೆ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು 700 ಗ್ರಾಂ ತಂದು ಮೂತಿಯೊಳಗೆ ಅಲ್ಲಾಡದಂತೆ ಬಿಗಿದೆ. ಒಂದು ಕಿಲೋ ಹಾಕಿದಾಗ ಹಿಂದಿನ ಚಕ್ರ ಹಿಡಿತ ಸಿಗದೆ ಬರಿದೇ ತಿರುಗಿತು, ಹಾಗಾಗಿ ಇಳಿಸಿದೆ.

ಪ್ಯಾರಾಚೂಟಿನ ಹಗ್ಗ ಮೊದಲು ಬಾಲದ ರೆಕ್ಕೆಯ ತುದಿಯಲ್ಲಿತ್ತು. ಎಳೆತ ಭಾರದ ಕೇಂದ್ರಕ್ಕಿಂತ ಮೇಲೆ ಬಿದ್ದು ಮುಂದಿನ ಚಕ್ರ ಏಳುತ್ತಿತ್ತು. ಈಗ ಕೇಂದ್ರದ ಎತ್ತರಕ್ಕೇ ಕಟ್ಟಿದ್ದೇನೆ. ಹಗ್ಗವನ್ನೂ ಉದ್ದ ಮಾಡಿದೆ, ಕಾರಿನ ಹಿಂದಿನ ಸುಳಿಗಾಳಿ ದಾಟಿ ಕೊಡೆಬಟ್ಟೆ ಚೆನ್ನಾಗಿ ಅರಳುತ್ತದೆ.

ನಿನ್ನೆ ಬೆಳಿಗ್ಗೆ ಆರು ಓಟ, ಆರೂ ನೇರ. ಅಪ್ಪನೇ ಚಪ್ಪಾಳೆ ತಟ್ಟಿದರು.

ಬ್ರೇಕ್ ಕೈಕೊಟ್ಟರೆ ಏನು ಗತಿ ಎಂದು ಎಚ್ಚರಿಸಿದ ಅಣ್ಣನಿಗೆ ವಿಶೇಷ ಧನ್ಯವಾದ. 1964ರಲ್ಲಿ ಅಮೆರಿಕದ ಉಪ್ಪುಬಯಲು ಬಾನವಿಲ್‌ನಲ್ಲಿ ವೇಗದ ದಾಖಲೆಗಳ ಚಾಲಕ ಕ್ರೇಗ್ ಬ್ರೀಡ್‌ಲವ್ ಪ್ಯಾರಾಚೂಟ್ ಕಳೆದುಕೊಂಡು ಕಾರು ಸಮೇತ ಉಪ್ಪುನೀರಿನ ಹೊಂಡಕ್ಕೆ ಬಿದ್ದದ್ದನ್ನು ಓದಿದ ಮೇಲೆ ಎರಡನೇ ಪ್ಯಾರಾಚೂಟನ್ನೂ ಹೊಲಿಯುತ್ತಿದ್ದೇನೆ. ಅದಕ್ಕೆ ಬೇರೆಯೇ ಸರ್ವೋ (ರಿಮೋಟಿನಿಂದ ತಿರುಗುವ ಪುಟ್ಟ ಮೋಟಾರು), ಬೇರೆಯೇ ಬ್ಯಾಟರಿ.